30 ಎಚ್‌ಪಿಯ ಸನ್ಯಾಸಿ ಯುದ್ಧ ಮುಗಿಯೋವರೆಗೂ ಬದುಕೋದು ಹೇಗೆ?

ಈ ವಾರದ ವಿಡಿಯೋ ಏಜ್ ಆಫ್ ಎಂಪೈರ್ಸ್ 2 ಬಗ್ಗೆ. ಆಫೀಸಿನಲ್ಲಿ ಸೌಂಡ್ ಹಾಕೋಕಾಗದವರು, ಲೋಕಲ್ ಟ್ರೈನಿನಲ್ಲಿ ನೆಟ್‌ವರ್ಕ್ ಇಲ್ಲದೆ ಒದ್ದಾಡೋರು ಕೇಳ್ತಾನೇ ಇರೋದ್ರಿಂದ, ಎಂದಿನ ಹಾಗೆ ಮಾತನ್ನ ಸ್ವಲ್ಪ ತಿದ್ದಿ ಬರಹ ರೂಪದಲ್ಲಿ ಇಲ್ಲಿ ಹಾಕ್ತಿದ್ದೀನಿ.

ಈ ಗೇಮ್ ಗೊತ್ತಿಲ್ಲದವರು ನಮ್ಮಲ್ಲಿ ಕಡಿಮೆ. 1999ರಲ್ಲಿ ಬಂದದ್ದು, ಹಾಸ್ಟೆಲ್ ಲ್ಯಾನ್‌ಗಳಲ್ಲಿ ಒಂದು ತಲೆಮಾರಿನ ನಿದ್ದೆ ಕೆಡಿಸಿದ್ದು, 2019ರಲ್ಲಿ ಡೆಫಿನಿಟಿವ್ ಎಡಿಷನ್ ಆಗಿ ಮತ್ತೆ ಬಂದು ಈಗ ನಮ್ಮ ವೀಕೆಂಡ್ ಕೆಡಿಸ್ತಾ ಇರೋದು. ಮರ ಕಡಿ, ಹೊಲ ಹಾಕು, ಚಿನ್ನ ಅಗೆ, ಸೈನ್ಯ ಕಟ್ಟು, ಎದುರಾಳಿಯನ್ನ ಹೊಡಿ. ಹಳೆಯ ಭಾರತೀಯ ಪಡೆ ಆಯ್ದುಕೊಂಡವರು ವಂಡರ್ ಕಟ್ಟಿದರೆ ನಮ್ಮ ವಿಜಯಪುರದ ಗೋಳಗುಮ್ಮಟ ಎದ್ದು ನಿಲ್ತಿತ್ತು ಅನ್ನೋದನ್ನ ಈ ಚಾನೆಲ್‌ನಲ್ಲಿ ಹೇಳದೆ ಮುಂದೆ ಹೋದ್ರೆ ಕಾಮೆಂಟಿನಲ್ಲಿ ಬೈಸಿಕೊಳ್ತೀನಿ. ಹೇಳಿಯಾಯ್ತು.

ಇವತ್ತಿನ ವಿಷಯ ಮಾಂಕ್. ಕಾವಿಯಂಥ ನಿಲುವಂಗಿ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು, ನಿಧಾನಕ್ಕೆ ನಡೆಯೋ ಸನ್ಯಾಸಿ.

ನಮ್ಮ ಶನಿವಾರ ರಾತ್ರಿಯ ಗುಂಪಿನಲ್ಲಿ ಆರು ಜನ ಇದ್ದೀವಿ. ಇಬ್ಬರು ಪುಣೆ, ಒಬ್ಬ ಚೆನ್ನೈ, ಒಬ್ಬ ನೋಯ್ಡಾ, ಇಬ್ಬರು ಹೈದರಾಬಾದ್. ಹೈದರಾಬಾದಿನ ಒಬ್ಬ ದಾವಣಗೆರೆಯವನು. ಅವನು ಯಾವಾಗ್ಲೂ ಅಜ್ಟೆಕ್ ಪಡೆ ತಗೊಂಡು ಮಾಂಕ್‌ಗಳನ್ನ ಸಾಕ್ತಾನೆ. ಮೊದಲ ಮಾಂಕ್ ಹೊರಗೆ ಬಂದ ಕೂಡ್ಲೆ "ಬುದ್ಧಿಯವರು ಬಂದ್ರು, ದಾರಿ ಬಿಡ್ರಲೇ" ಅಂತಾನೆ. ಆಮೇಲೆ ಎರಡು ಗಂಟೆ ಆಟದಲ್ಲಿ ನೈಟ್‌ಗಳು ಸಾಯ್ತಾರೆ, ಬಿಲ್ಲುಗಾರರು ಸಾಯ್ತಾರೆ, ನನ್ನ ಊರೇ ಸುಟ್ಟು ಬೂದಿಯಾಗುತ್ತೆ. ಬುದ್ಧಿಯವರು ಮಾತ್ರ ಯಾವುದೋ ಮರದ ಪಕ್ಕ ನಿಂತೇ ಇರ್ತಾರೆ. ಇದು ಅದೃಷ್ಟ ಅಂತ ನಾವು ಬಹಳ ದಿನ ಅಂದ್ಕೊಂಡಿದ್ವಿ. ಲೆಕ್ಕ ಹಾಕಿ ನೋಡಿದ್ರೆ ಅದೃಷ್ಟದ ಪಾಲು ಕಡಿಮೆ.

ಮೊದಲು ಕಾಗದದ ಮೇಲೆ ಈ ಯೂನಿಟ್ ಎಷ್ಟು ಬಡವ ಅಂತ ನೋಡಿ. ಎಚ್‌ಪಿ 30. ಅಟ್ಯಾಕ್ ಸೊನ್ನೆ. ಆರ್ಮರ್ ಸೊನ್ನೆ. ವೇಗ 0.7, ಅಂದ್ರೆ ಸೆಕೆಂಡಿಗೆ ಒಂದು ಚೌಕವನ್ನೂ ಪೂರ್ತಿ ದಾಟಲ್ಲ. ಬೆಲೆ 100 ಚಿನ್ನ. ಅದೇ ಹಂತದಲ್ಲಿ ಸಿಗೋ ನೈಟ್‌ಗೆ 100 ಎಚ್‌ಪಿ, ಅಟ್ಯಾಕ್ 10, ವೇಗ 1.35, ಬೆಲೆ 60 ಧಾನ್ಯ ಮತ್ತು 75 ಚಿನ್ನ. ಈ ಗೇಮಿನಲ್ಲಿ ಏಟಿನ ಲೆಕ್ಕ ಸರಳ: ಹೊಡೆಯುವವನ ಅಟ್ಯಾಕ್‌ನಿಂದ ಹೊಡೆಸಿಕೊಳ್ಳುವವನ ಆರ್ಮರ್ ಕಳೆಯಿರಿ, ಉಳಿದದ್ದು ಡ್ಯಾಮೇಜ್. ಹಾಗಾಗಿ ನೈಟ್ ಮೂರು ಏಟು ಹಾಕಿದ್ರೆ ಮಾಂಕ್ ಕಥೆ ಮುಗೀತು.

ಆದ್ರೆ ಆ ಮೂರು ಏಟು ಹಾಕೋಕೆ ನೈಟ್ ಹತ್ತಿರ ಬರಬೇಕಲ್ಲ? ಮಾಂಕ್ ರೇಂಜ್ 9. ಒಂಬತ್ತು ಚೌಕ ದೂರದಿಂದಲೇ ಮಂತ್ರ ಹೇಳೋಕೆ ಶುರು ಮಾಡ್ತಾನೆ, ಅದು ಫಲಿಸಿದ್ರೆ ಎದುರಾಳಿಯ ಯೂನಿಟ್ ಬಣ್ಣ ಬದಲಾಯಿಸಿ ನಮ್ಮದಾಗುತ್ತೆ. ಇದಕ್ಕೆ ಕನ್ವರ್ಷನ್ ಅಂತಾರೆ. ಮಾಮೂಲಿ ಯೂನಿಟ್ ಮೇಲೆ ಇದಕ್ಕೆ ಸುಮಾರು 4ರಿಂದ 10 ಸೆಕೆಂಡ್ ಬೇಕು. ಮೊದಲ ನಾಲ್ಕು ಸೆಕೆಂಡ್ ಏನೂ ಆಗಲ್ಲ. ಆಮೇಲೆ ಪ್ರತಿ ಸೆಕೆಂಡಿಗೂ ಗೇಮ್ ಒಳಗಡೆ ಒಂದು ದಾಳ ಉರುಳಿಸುತ್ತೆ. ಬಿತ್ತು ಅಂದ್ರೆ ಕೆಲಸ ಆಯ್ತು, ಇಲ್ಲಾ ಅಂದ್ರೆ ಮತ್ತೊಮ್ಮೆ. ಹತ್ತನೇ ಸೆಕೆಂಡ್ ತನಕ ಬದುಕಿದ್ರೆ ಆಗೇ ಆಗುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ರಿಟ್ರೈ ಲೂಪ್.

ಈಗ ನೈಟ್ ಕಡೆಯಿಂದ ಲೆಕ್ಕ ಹಾಕಿ. ಒಂಬತ್ತು ಚೌಕವನ್ನ 1.35ರಿಂದ ಭಾಗಿಸಿದ್ರೆ 6.7 ಸೆಕೆಂಡ್. ಅಂದ್ರೆ ಕುದುರೆ ಮಾಂಕ್ ಹತ್ತಿರ ಬರೋ ಹೊತ್ತಿಗೆ ಎರಡು ಮೂರು ಸಲ ದಾಳ ಉರುಳಿರುತ್ತೆ. ಬಂದ ಮೇಲೂ ಮೂರು ಏಟು ಹಾಕೋಕೆ ಇನ್ನೊಂದಷ್ಟು ಸೆಕೆಂಡ್ ಬೇಕು, ಅಷ್ಟರಲ್ಲಿ ಇನ್ನೂ ಕೆಲವು ದಾಳ. ಒಬ್ಬ ನೈಟ್, ಒಬ್ಬ ಮಾಂಕ್ ಎದುರುಬದುರಾದ್ರೆ ನಾನು ಮಾಂಕ್ ಮೇಲೆ ದುಡ್ಡು ಕಟ್ತೀನಿ.

ಆನೆ ಲೆಕ್ಕ ಇನ್ನೂ ಮಜಾ. ಪರ್ಷಿಯನ್ನರ ವಾರ್ ಎಲಿಫೆಂಟ್‌ಗೆ 450 ಎಚ್‌ಪಿ, ಎಲೀಟ್ ಆದ್ರೆ 600. ಎದುರಿಗೆ ಬಂದ ಗೋಡೆ, ಮನೆ, ಮನುಷ್ಯ ಎಲ್ಲಾ ಪುಡಿ. ಆದ್ರೆ ಹಳೆಯ ಗೇಮಿನಲ್ಲಿ ಅದರ ವೇಗ 0.6. ಒಂಬತ್ತು ಚೌಕಕ್ಕೆ 15 ಸೆಕೆಂಡ್. ಮಂತ್ರಕ್ಕೆ ಗರಿಷ್ಠ ಹತ್ತು. ಅಂದ್ರೆ ಬಯಲಿನಲ್ಲಿ ಒಂದೇ ಆನೆ ಒಬ್ಬನೇ ಸನ್ಯಾಸಿಯ ಕಡೆಗೆ ನಡೆದು ಬಂದ್ರೆ, ಎದುರಾಳಿ ಫೇಯ್ತ್ ಅನ್ನೋ ತಡೆಗಟ್ಟುವ ಟೆಕ್ನಾಲಜಿ ಮಾಡ್ಕೊಂಡಿಲ್ಲದಿದ್ರೆ, ಆ ಆನೆ ತಲುಪೋದೇ ಇಲ್ಲ. ಇಡೀ ಗೇಮಿನ ಅತಿ ದೊಡ್ಡ ಪ್ರಾಣಿ ಅತಿ ಬಡಕಲು ಯೂನಿಟ್‌ಗೆ ಸೋಲೋದು ಹೀಗೆ, ಬರೀ ಭಾಗಾಕಾರದಿಂದ.

ಆದ್ರೆ ಯುದ್ಧದಲ್ಲಿ ಒಂದೇ ಆನೆ ಬರಲ್ಲ ಅಂತೀರಿ. ಹೌದು. ಒಮ್ಮೆ ಮಂತ್ರ ಫಲಿಸಿದ ಮೇಲೆ ಮಾಂಕ್ ಸುಮಾರು ಒಂದು ನಿಮಿಷ ಸುಧಾರಿಸಿಕೊಳ್ಳಬೇಕು. ಆ ಒಂದು ನಿಮಿಷದಲ್ಲಿ ಅವನ ಹತ್ರ ಏನೂ ಇಲ್ಲ. ಇಬ್ಬರು ಮೂವರು ಮಾಂಕ್‌ಗಳನ್ನ ಒಂದೇ ಆನೆ ಮೇಲೆ ಬಿಟ್ರೆ ಬೇಗ ಫಲಿಸುತ್ತೆ, ಆದ್ರೆ ಎಲ್ಲರೂ ಒಟ್ಟಿಗೆ ಸುಸ್ತಾಗ್ತಾರೆ. ಕೊನೆಯ ಯುಗದಲ್ಲಿ ಥಿಯಾಕ್ರಸಿ ಅನ್ನೋ ಟೆಕ್ನಾಲಜಿ ಬಂದ ಮೇಲಷ್ಟೇ ಒಬ್ಬ ಮಾತ್ರ ದಣಿದು ಉಳಿದವರು ಮುಂದಿನ ಗಿರಾಕಿ ನೋಡ್ಕೋಬಹುದು. ಆದ್ದರಿಂದ ಮಾಂಕ್ ಬದುಕು ನಿಂತಿರೋದು ಈ ದಣಿವಿನ ನಿಮಿಷವನ್ನ ಎಲ್ಲಿ ಕಳೀತಾನೆ ಅನ್ನೋದರ ಮೇಲೆ.

ದಾವಣಗೆರೆಯವನು ಮಾಡೋದು ಇಷ್ಟೇ. ಮಂತ್ರ ಫಲಿಸಿದ ತಕ್ಷಣ ಆ ಮಾಂಕ್‌ನನ್ನ ಹಿಂದಕ್ಕೆ ಎಳೀತಾನೆ, ಈಟಿ ಹಿಡಿದವರ ಸಾಲಿನ ಹಿಂದೆ. ಅಲ್ಲಿ ಅವನು ಸುಮ್ಮನೆ ನಿಲ್ಲಲ್ಲ. ದಣಿದಿದ್ರೂ ಗಾಯಾಳುಗಳನ್ನ ವಾಸಿ ಮಾಡೋ ಕೆಲಸ ನಡೀತಾನೇ ಇರುತ್ತೆ, ಅದಕ್ಕೆ ನಾವು ಆರ್ಡರ್ ಕೊಡೋದೂ ಬೇಡ. ಎದುರಾಳಿಯ ಸೈನಿಕರು ಮುಂದಿನ ಸಾಲಿಗೆ ಸಿಕ್ಕಿಹಾಕ್ಕೊಂಡಿರ್ತಾರೆ. ಮಾಂಕ್ ಯಾರಿಗೂ ಹೊಡೆಯದೆ ಇರೋದ್ರಿಂದ ತಿರುಗಿ ಹೊಡೆಯೋಕೆ ಯಾರಿಗೂ ಕಾರಣ ಇರಲ್ಲ. ಅವನನ್ನ ಕೊಲ್ಲಬೇಕು ಅಂದ್ರೆ ಎದುರಿನ ಆಟಗಾರನೇ ಗಮನ ಕೊಟ್ಟು, ಗಲಾಟೆ ಮಧ್ಯೆ ಆ ಪುಟ್ಟ ನಿಲುವಂಗಿಯನ್ನ ಹುಡುಕಿ, ಕ್ಲಿಕ್ ಮಾಡಬೇಕು. ಅದೇ ಹೊತ್ತಿಗೆ ಅವನ ಊರಲ್ಲಿ ಹೊಲ ಖಾಲಿಯಾಗಿರುತ್ತೆ, ಮನೆ ಸಾಲದೆ ಜನಸಂಖ್ಯೆ ನಿಂತಿರುತ್ತೆ. ಈ ಗೇಮಿನಲ್ಲಿ ಎಲ್ಲಕ್ಕಿಂತ ದುಬಾರಿ ಸಂಪನ್ಮೂಲ ಚಿನ್ನ ಅಲ್ಲ, ಗಮನ. ಮಾಂಕ್ ಬದುಕೋದು ಬಹಳ ಮಟ್ಟಿಗೆ ಅದರ ಕೊರತೆಯಿಂದ.

ಕೆಲವು ಯುದ್ಧದ ಗೇಮ್‌ಗಳಲ್ಲಿ, ಪ್ಯಾಂಜರ್ ಜನರಲ್ ಥರದವುಗಳಲ್ಲಿ, ಹೋರಾಡಿ ಉಳಿದ ಯೂನಿಟ್‌ಗೆ ಅನುಭವ ಸೇರಿ ಅದು ಬಲವಾಗ್ತಾ ಹೋಗುತ್ತೆ. ಇಲ್ಲಿ ಹಾಗಿಲ್ಲ. ಹತ್ತು ಯುದ್ಧ ನೋಡಿದ ಮಾಂಕ್‌ಗೂ ಈಗಷ್ಟೇ ಮಠದಿಂದ ಹೊರಬಂದವನಿಗೂ ಅಂಕಿಯಲ್ಲಿ ವ್ಯತ್ಯಾಸ ಇಲ್ಲ. ಆದ್ರೆ ಟೆಕ್ನಾಲಜಿ ಮಾಡಿದಾಗ ಅದು ಈಗಾಗಲೇ ಬದುಕಿರೋ ಎಲ್ಲರಿಗೂ ಒಟ್ಟಿಗೆ ಸಿಗುತ್ತೆ. ಹಾಗಾಗಿ ಉಳಿಸಿಕೊಂಡ ಮಾಂಕ್ ಬೆಲೆ ಏರ್ತಾನೇ ಇರುತ್ತೆ. ಸ್ಯಾಂಕ್ಟಿಟಿ ಮಾಡಿದ್ರೆ 30 ಎಚ್‌ಪಿ 45 ಆಗುತ್ತೆ. ಬರೀ 15 ತಾನೇ ಅನ್ನಬೇಡಿ. ಕಲ್ಲು ಎಸೆಯೋ ಮ್ಯಾಂಗೊನಲ್ ಅಟ್ಯಾಕ್ 40. ಸ್ಯಾಂಕ್ಟಿಟಿ ಇಲ್ಲದ ಐದು ಮಾಂಕ್‌ಗಳು ಗುಂಪಾಗಿ ನಿಂತಿದ್ರೆ ಒಂದೇ ಕಲ್ಲಿಗೆ ಐದೂ ಹೋಗಬಹುದು. 45 ಇದ್ರೆ ಐದೂ ಉಳೀತವೆ, ಒಬ್ಬರನ್ನೊಬ್ಬರು ವಾಸಿ ಮಾಡ್ಕೊಳ್ತವೆ. ಅಜ್ಟೆಕ್‌ರಿಗೆ ಮಠದ ಪ್ರತಿ ಟೆಕ್ನಾಲಜಿಗೂ ಮಾಂಕ್‌ಗೆ ಇನ್ನೂ 5 ಎಚ್‌ಪಿ ಸೇರುತ್ತೆ. ಎಲ್ಲಾ ಮಾಡಿದ್ರೆ 90 ದಾಟುತ್ತೆ, ಹೆಚ್ಚುಕಡಿಮೆ ನೈಟ್‌ನಷ್ಟೇ ಗಟ್ಟಿ. 2022ರ ಡೈನಾಸ್ಟೀಸ್ ಆಫ್ ಇಂಡಿಯಾದಲ್ಲಿ ಬಂದ ಬಂಗಾಳಿ ಪಡೆಯದ್ದು ಬೇರೆ ದಾರಿ. ಅವರ ಮಾಂಕ್‌ಗೆ ಆರ್ಮರ್ 3 ಸಿಗುತ್ತೆ. 7 ಡ್ಯಾಮೇಜ್ ಕೊಡೋ ಬಾಣ 4ಕ್ಕೆ ಇಳಿಯುತ್ತೆ, ಐದು ಬಾಣಕ್ಕೆ ಬೀಳಬೇಕಾದವನಿಗೆ ಎಂಟು ಬಾಣ ಬೇಕು.

ಆಟ ಮುಗಿದ ಮೇಲೆ ಒಂದು ಸ್ಕೋರ್ ಪರದೆ ಬರುತ್ತಲ್ಲ, ಅದನ್ನ ಒಮ್ಮೆ ಗಮನಿಸಿ. ಎಷ್ಟು ಕೊಂದಿರಿ, ಎಷ್ಟು ಕಳಕೊಂಡಿರಿ, ಎಷ್ಟು ಕಟ್ಟಡ ಕೆಡವಿದಿರಿ, ಎಷ್ಟು ಯೂನಿಟ್ ಕನ್ವರ್ಟ್ ಮಾಡಿದಿರಿ, ಎಲ್ಲಾ ಇರುತ್ತೆ. ಎಷ್ಟು ಎಚ್‌ಪಿ ವಾಸಿ ಮಾಡಿದಿರಿ ಅನ್ನೋ ಕಾಲಮ್ ಇಲ್ಲ. ಸಾಯಬೇಕಾದ ನೈಟ್ ಸಾಯದೆ ಇದ್ದದ್ದಕ್ಕೆ ಲೆಕ್ಕ ಇಡೋದು ಹೇಗೆ ಹೇಳಿ?

ಇದನ್ನ ಮೊದಲು ತೋರಿಸಿದ್ದು ಅದೇ ದಾವಣಗೆರೆಯವನು. ಅವನ ಕೆಲಸ ಪ್ರೊಡಕ್ಷನ್ ಸಪೋರ್ಟ್. ರಾತ್ರಿ ಎರಡಕ್ಕೆ ಜಾಬ್ ಫೇಲ್ ಆದ್ರೆ ಎದ್ದು ನೋಡೋದು, ಬೆಳಗ್ಗೆ ಯಾರಿಗೂ ಗೊತ್ತಾಗದ ಹಾಗೆ ಸರಿ ಮಾಡಿಡೋದು. ಹೋದ ವರ್ಷ ಅವನ ಕಂಪನಿಯಲ್ಲಿ ಜನ ಕಡಿಮೆ ಮಾಡಿದಾಗ ಮೊದಲು ಹೋದದ್ದು ಅವನ ಟೀಮ್. ಮೂರೂವರೆ ತಿಂಗಳು ಮನೆಯಲ್ಲಿದ್ದ. ಊರಲ್ಲಿ ಅಪ್ಪಾಜಿಗೆ ಹೇಳಿರಲಿಲ್ಲ, ದಿನಾ ಒಂಬತ್ತಕ್ಕೆ ಬ್ಯಾಗ್ ಹಾಕ್ಕೊಂಡು ಹೊರಗೆ ಹೋದಂತೆ ವಿಡಿಯೋ ಕಾಲಲ್ಲಿ ತೋರಿಸ್ತಿದ್ದ. ಆ ಶನಿವಾರಗಳಲ್ಲಿ ನಾವ್ಯಾರೂ ಆಫೀಸ್ ಸುದ್ದಿ ತೆಗೀತಿರಲಿಲ್ಲ. ಒಂದು ರಾತ್ರಿ ಆಟ ಗೆದ್ದು ಸ್ಕೋರ್ ನೋಡ್ತಾ ಇದ್ದಾಗ ನಕ್ಕೊಂಡು, "ಬುದ್ಧಿಯವರ ಅಪ್ರೈಸಲ್ ನೋಡ್ರಲೇ, ಈ ಸಲಾನೂ ಸೊನ್ನೆ" ಅಂದ. ನಮಗೆ ನಗೋಕೆ ಸ್ವಲ್ಪ ಹೊತ್ತು ಹಿಡೀತು. ಈಗ ಬೇರೆ ಕಡೆ ಸೇರಿದ್ದಾನೆ, ಅದೇ ಕೆಲಸ, ಸಂಬಳ ಸ್ವಲ್ಪ ಕಡಿಮೆ. ಇದನ್ನ ಇಲ್ಲಿ ಹೇಳೋಕೆ ಅವನೇ ಒಪ್ಪಿದ್ದಾನೆ, ಹೆಸರು ಬೇಡ ಅಂದ.

ಸರಿ, ಮಾಂಕ್‌ಗೆ ಶತ್ರು ಯಾರು? ಲೈಟ್ ಕ್ಯಾವಲ್ರಿ. ವೇಗ 1.5, ಒಂಬತ್ತು ಚೌಕ ಆರೇ ಸೆಕೆಂಡ್. ಜೊತೆಗೆ ಈ ಕುದುರೆಗಳಿಗೆ ಮಂತ್ರ ಬೇಗ ತಟ್ಟಲ್ಲ, ಮಾಂಕ್ ಮೇಲೆ ಇವುಗಳ ಏಟು ಹೆಚ್ಚು. ಚಿನ್ನವೂ ಬೇಡ, ಬರೀ ಧಾನ್ಯಕ್ಕೆ ಸಿಗ್ತವೆ. ಇವುಗಳಿಗೆ ಎದುರಾಗಿ ನಾಲ್ಕು ಈಟಿಯವರು ಇಲ್ಲದೆ ಮಾಂಕ್‌ಗಳನ್ನ ಕಳಿಸಿದ್ರೆ ಅದು ಆತ್ಮಹತ್ಯೆ. ಇನ್ನೊಂದು ತೊಂದರೆ, ಜಾಣ ಎದುರಾಳಿ ತನ್ನ ನೈಟ್ ಮೇಲೆ ಮಂತ್ರ ಶುರುವಾದ ಸದ್ದು ಕೇಳಿದ ತಕ್ಷಣ ಅದನ್ನ ತಾನೇ ಡಿಲೀಟ್ ಮಾಡ್ತಾನೆ. ನಮಗೆ ಕುದುರೆ ಸಿಗಲ್ಲ. ಆದ್ರೂ ಲೆಕ್ಕ ನೋಡಿ, ಅವನಿಗೆ 135ರಷ್ಟು ಸಾಮಾನು ಹೋಯ್ತು, ನಮಗೆ ಒಂದು ಕೂದಲೂ ಕೊಂಕಿಲ್ಲ.

ರೆಲಿಕ್ ಬಗ್ಗೆ ಒಂದೇ ಮಾತು, ಅದಕ್ಕೆ ಬೇರೆ ವಿಡಿಯೋ ಮಾಡ್ತೀನಿ. ರೆಲಿಕ್ ಎತ್ತೋದು ಮಾಂಕ್ ಕೆಲಸ, ಮಠದಲ್ಲಿಟ್ರೆ ಒಂದೊಂದಕ್ಕೂ ನಿಮಿಷಕ್ಕೆ ಸುಮಾರು 30 ಚಿನ್ನ ಬರ್ತಾನೇ ಇರುತ್ತೆ. ಆದ್ರೆ ಎತ್ತಿಕೊಂಡಿರೋವಾಗ ಅವನು ಮಂತ್ರ ಹೇಳೋಕಾಗಲ್ಲ. ಒಂಟಿಯಾಗಿ ಕಳಿಸಬೇಡಿ.

ಮುಂದಿನ ಸಲ ಆಡುವಾಗ ಇಷ್ಟು ಮಾಡಿ ನೋಡಿ: ಎರಡೇ ಮಾಂಕ್, ಬೇರೆ ಬೇರೆ ಹಾಟ್‌ಕೀಗೆ ಹಾಕಿ. ಒಬ್ಬ ಮಂತ್ರ ಹೇಳ್ಲಿ, ಇನ್ನೊಬ್ಬ ಹಿಂದೆ ಇರ್ಲಿ, ಆಮೇಲೆ ಜಾಗ ಬದಲಿಸಿ. ಆಟ ಮುಗಿದಾಗ ಇಬ್ಬರಲ್ಲಿ ಎಷ್ಟು ಜನ ಉಳಿದ್ರು ಅಂತ ಕೆಳಗೆ ಬರೀರಿ. ಶನಿವಾರದ ಆಟಕ್ಕೆ ನೋಯ್ಡಾದವನು ಈ ವಾರ ಊರಿಗೆ ಹೋಗ್ತಿದ್ದಾನೆ, ಒಂದು ಜಾಗ ಖಾಲಿ ಇದೆ. ಬರೋರು ಹೇಳಿ, ಮಾಂಕ್ ಮಾತ್ರ ದಾವಣಗೆರೆಯವನಿಗೇ ಬಿಡಬೇಕು. ಸಿಗೋಣ.