ಕಪಾಟಿನಿಂದ ಕಣಜಕ್ಕೆ: ವಿಶ್ವವಿದ್ಯಾಲಯಗಳ ಪ್ರಬಂಧ ಭಂಡಾರದಲ್ಲಿ ಬೆಳೆಗಾರನಿಗೇನಿದೆ?



ನಮ್ಮಲ್ಲಿ ಅನೇಕರ ತೋಟಕ್ಕೆ ಒಂದಲ್ಲ ಒಂದು ವರ್ಷ ಕೃಷಿ ಕಾಲೇಜಿನ ವಿದ್ಯಾರ್ಥಿ ಬಂದಿರುತ್ತಾನೆ. ಮಳೆ ಹಿಡಿಯುವ ಮುಂಚೆ ಮರಗಳಿಗೆ ನಂಬರು ಬರೆದು, ಮಳೆಗಾಲವಿಡೀ ಕೊಡೆ ಹಿಡಿದು ಬಂದು, ಉದುರಿದ ಕಾಯಿ ಎಣಿಸಿ ಪುಸ್ತಕದಲ್ಲಿ ಬರೆದುಕೊಂಡು ಹೋಗಿರುತ್ತಾನೆ. ಮನೆಯಲ್ಲಿ ಕಾಫಿ ಕುಡಿದು, ಊಟ ಮಾಡಿ, "ಫಲಿತಾಂಶ ಬಂದ ಮೇಲೆ ತಿಳಿಸ್ತೇನೆ ಸಾರ್" ಎಂದೂ ಹೇಳಿರುತ್ತಾನೆ. ಆಮೇಲೆ ಅವನಿಗೆ ಪದವಿ ಬಂತು, ಕೆಲಸ ಸಿಕ್ಕಿತು. ಎಣಿಸಿದ ಕಾಯಿಯ ಲೆಕ್ಕ ಮಾತ್ರ ತೋಟದವನ ಮನೆಗೆ ಮರಳಿ ಬರಲಿಲ್ಲ.

ಇದರಲ್ಲಿ ಆ ಹುಡುಗನ ತಪ್ಪು ಹೆಚ್ಚೇನಿಲ್ಲ. ಅವನು ಬರೆದ ಪ್ರಬಂಧದ ನಾಲ್ಕಾರು ಪ್ರತಿಗಳಿಗೆ ಗಟ್ಟಿ ರಟ್ಟು ಹಾಕಿಸಿ, ಚಿನ್ನದ ಬಣ್ಣದ ಅಕ್ಷರ ಒತ್ತಿಸಿ, ಒಂದನ್ನು ಮಾರ್ಗದರ್ಶಕರಿಗೆ, ಒಂದನ್ನು ವಿಭಾಗಕ್ಕೆ, ಒಂದನ್ನು ಗ್ರಂಥಾಲಯಕ್ಕೆ ಕೊಡುತ್ತಿದ್ದರು. ಅದನ್ನು ಓದಬೇಕೆಂದರೆ ಬೆಂಗಳೂರಿಗೋ ಧಾರವಾಡಕ್ಕೋ ಹೋಗಿ, ಅನುಮತಿ ಪಡೆದು, ಕಪಾಟು ತೆಗೆಸಬೇಕಾಗಿತ್ತು. ತೋಟದ ಕೆಲಸ ಬಿಟ್ಟು ಯಾರು ಹೋಗುತ್ತಾರೆ?

ಈಗ ಆ ಕಪಾಟಿನ ಬಾಗಿಲು ಬಹುಮಟ್ಟಿಗೆ ತೆರೆದಿದೆ. ಆದರೆ ತೆರೆದಿರುವುದು ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ಆದ್ದರಿಂದ ಈ ಲೇಖನ.

ಭಂಡಾರ ಎಂದರೇನು?

ನಮ್ಮ ಸಂಘದ ಗೋದಾಮನ್ನೇ ನೆನಪಿಗೆ ತಂದುಕೊಳ್ಳಿ. ಸದಸ್ಯರು ಅಡಿಕೆ ತಂದಾಗ ತೂಕ ಮಾಡಿ, ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಮಾಡಿ, ಲಾಟ್ ನಂಬರು ಹಾಕಿ, ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತೇವೆ. ನಂಬರು ಹೇಳಿದರೆ ಯಾರ ಅಡಿಕೆ, ಯಾವ ದಿನ ಬಂದದ್ದು ಎಂದು ತಿಳಿಯುತ್ತದೆ. ವಿಶ್ವವಿದ್ಯಾಲಯಗಳ ವಿದ್ವತ್ ಭಂಡಾರವೂ ಇದೇ ಕ್ರಮದಲ್ಲಿ ನಡೆಯುತ್ತದೆ. ಬರೆದವರ ಹೆಸರು, ವರ್ಷ, ವಿಷಯ, ವಿಭಾಗ, ಸಾರಾಂಶ ಇವುಗಳ ಚೀಟಿಯೊಂದಿಗೆ ಪ್ರಬಂಧದ ಗಣಕ ಪ್ರತಿಯನ್ನು ಅಲ್ಲಿ ಇಡುತ್ತಾರೆ. ಪ್ರತಿಯೊಂದಕ್ಕೂ ಒಂದು ಖಾಯಂ ನಂಬರು ಇರುತ್ತದೆ. ಮಲೆನಾಡಿನ ಬೂಷ್ಟು, ಗೆದ್ದಲು ಕಾಗದವನ್ನು ಏನು ಮಾಡುತ್ತವೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಗಣಕ ಪ್ರತಿಗೆ ಆ ಕಾಟವಿಲ್ಲ. ಒಂದೆಡೆ ಕೆಟ್ಟರೂ ಇನ್ನೊಂದೆಡೆ ನಕಲು ಉಳಿಯುವಂತೆ ಏರ್ಪಾಡು ಮಾಡಬಹುದು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಮೊದಲು ಕೈ ಹಾಕಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದೆ. ಅಲ್ಲಿನ ಭಂಡಾರ 2002ರಲ್ಲಿ ಆರಂಭವಾಯಿತು. 2009ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಪಿಎಚ್.ಡಿ. ಪ್ರಬಂಧಗಳ ಗಣಕ ಪ್ರತಿಯನ್ನು ಸಾರ್ವಜನಿಕ ಭಂಡಾರಕ್ಕೆ ಕೊಡಬೇಕೆಂದು ನಿಯಮ ಮಾಡಿತು. ಆಮೇಲಿನ ನಿಯಮಗಳಲ್ಲೂ ಇದು ಮುಂದುವರಿದಿದೆ. ಹೀಗೆ ಬೆಳೆದದ್ದು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ 'ಶೋಧಗಂಗಾ'. ಇಂದು ಅದರಲ್ಲಿ ಲಕ್ಷಾಂತರ ಪ್ರಬಂಧಗಳಿವೆ. ಕೃಷಿ ವಿಷಯಕ್ಕೇ ಮೀಸಲಾದ ಇನ್ನೊಂದು ಭಂಡಾರ 'ಕೃಷಿಕೋಶ'. ಇದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನದು. ಕೃಷಿ ವಿಶ್ವವಿದ್ಯಾಲಯಗಳ ಎಂ.ಎಸ್ಸಿ. ಪ್ರಬಂಧಗಳೂ ಇದರಲ್ಲಿ ಸಿಗುತ್ತವೆ. ನಮಗೆ ಇದು ಮುಖ್ಯ. ಒಂದು ತಾಲೂಕಿನ ಒಂದು ಕೀಟ, ಒಂದು ಗೊಬ್ಬರ, ಒಂದು ಮಣ್ಣು ಎಂಬಂಥ ಸಣ್ಣ ವಿಷಯವನ್ನು ಹಿಡಿದು ಕೆಲಸ ಮಾಡುವವರು ಹೆಚ್ಚಾಗಿ ಎಂ.ಎಸ್ಸಿ. ವಿದ್ಯಾರ್ಥಿಗಳೇ.

ಯಾವ ಯಾವ ಸರಕು ಇದೆ?

ಭಂಡಾರ ಎಂದೊಡನೆ ಎಲ್ಲವೂ ಒಂದೇ ಜಾತಿಯ ಬರಹ ಎಂದು ತಿಳಿಯಬಾರದು. ಒಂದೊಂದರ ಗುಣ ಒಂದೊಂದು.

1. ಪ್ರಬಂಧಗಳು. ಪತ್ರಿಕೆಯಲ್ಲಿ ನಾಲ್ಕು ಪುಟ ಅಚ್ಚಾಗುವ ವಿಷಯ ಇಲ್ಲಿ ನೂರಾರು ಪುಟ ಇರುತ್ತದೆ. ಗುಣ ಕಂಡ ಪ್ರಯೋಗದ ಜೊತೆಗೆ ಗುಣ ಕಾಣದ ಪ್ರಯೋಗದ ಲೆಕ್ಕವೂ ಇರುತ್ತದೆ. ಬೆಳೆಗಾರನಿಗೆ ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ಬೆಲೆಯದಲ್ಲ. ಯಾವುದರಿಂದ ಪ್ರಯೋಜನವಿಲ್ಲ ಎಂದು ತಿಳಿದರೆ ಅಷ್ಟು ಹಣ ಕೈಯಲ್ಲೇ ಉಳಿಯಿತು.

2. ಪತ್ರಿಕಾ ಲೇಖನಗಳ ಪ್ರತಿಗಳು. ಹೆಸರಾಂತ ವಿಜ್ಞಾನ ಪತ್ರಿಕೆಗಳ ಎಷ್ಟೋ ಲೇಖನಗಳನ್ನು ಓದಲು ಚಂದಾ ಕೊಡಬೇಕು. ಎಷ್ಟೋ ಪತ್ರಿಕೆಗಳು ಲೇಖಕರು ತಮ್ಮ ಕೈಪ್ರತಿಯನ್ನು ತಮ್ಮ ಸಂಸ್ಥೆಯ ಭಂಡಾರದಲ್ಲಿ ಇಡಲು ಒಪ್ಪುತ್ತವೆ. ಅದನ್ನು ಪುಕ್ಕಟೆ ಓದಬಹುದು.

3. ಹಳೆಯ ಬುಲೆಟಿನ್, ವರದಿಗಳು. ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದಾಗ 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಒಂದು ಬುಲೆಟಿನ್ ಹೊರತಂದರು. ನಮ್ಮ ಹಿರಿಯರು ಕೊಟ್ಟೆ ಕಟ್ಟಿ ಕೊನೆಗಳನ್ನು ಕಾಪಾಡುತ್ತಿದ್ದ ಕಾಲ ಅದು. ರೋಗಕ್ಕೆ ಫೈಟಾಫ್ತೊರಾ ಎಂಬ ಶಿಲೀಂಧ್ರ ಕಾರಣವೆಂದು ತೋರಿಸಿ, ಬೋರ್ಡೋ ದ್ರಾವಣದ ದಾರಿಯನ್ನು ಅವರು ಹಾಕಿಕೊಟ್ಟರು. ಇಂದಿಗೂ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸುವಾಗ ನಾವು ನಡೆಯುವುದು ಆ ದಾರಿಯಲ್ಲೇ. ಇಂಥ ಹಳೆಯ ಪ್ರಕಟಣೆಗಳನ್ನು ಪುಟ ಪುಟವಾಗಿ ಚಿತ್ರ ತೆಗೆದು ಭಂಡಾರಗಳಿಗೆ ಸೇರಿಸುವ ಕೆಲಸ ಹಲವು ದೇಶಗಳಲ್ಲಿ ನಡೆದಿದೆ.

4. ಅಂಕಿ ಅಂಶಗಳ ಕಟ್ಟು. ತಿದ್ದದ, ಬಣ್ಣಿಸದ ಬರಿಯ ಲೆಕ್ಕ. ಮಳೆ, ಇಳುವರಿ, ಮಣ್ಣಿನ ಪರೀಕ್ಷೆ, ಮರಗಳ ಎಣಿಕೆ ಇಂಥವು. ಯುರೋಪಿನ ಸರ್ನ್ ಪ್ರಯೋಗಾಲಯ 2013ರಿಂದ ನಡೆಸುತ್ತಿರುವ 'ಝೆನೋಡೊ' ಭಂಡಾರದಲ್ಲಿ ಯಾವ ದೇಶದ ಸಂಶೋಧಕರೂ ಇಂಥ ಕಟ್ಟುಗಳನ್ನು ಇಡಬಹುದು. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡಲು ಇದರಿಂದ ಸಾಧ್ಯ.

5. ಹೊರದೇಶದವರು ನಮ್ಮ ಸೀಮೆಯ ಬಗ್ಗೆ ಬರೆದದ್ದು. ಕೊಡಗಿನ ಕಾಫಿ ತೋಟಗಳ ನೆರಳು ಮರಗಳ ಬಗ್ಗೆ ಫ್ರಾನ್ಸಿನ ಸಿರಾಡ್ ಸಂಸ್ಥೆಯವರು ಪೊನ್ನಂಪೇಟೆಯ ಅರಣ್ಯ ಕಾಲೇಜಿನೊಂದಿಗೆ ಸೇರಿ ಕೆಲಸ ಮಾಡಿದ್ದಾರೆ. ಆ ಸಂಸ್ಥೆಯ ಬರಹಗಳಿಗೆ 'ಅಗ್ರಿಟ್ರಾಪ್' ಎಂಬ ಭಂಡಾರವಿದೆ. ಬ್ರೆಜಿಲ್‌ನ ವಿಸೋಸಾ ವಿಶ್ವವಿದ್ಯಾಲಯದ ಭಂಡಾರದಲ್ಲಿ ಕಾಫಿಯ ಬಗ್ಗೆ ಹೇರಳವಾಗಿ ಪ್ರಬಂಧಗಳಿವೆ. ಭಾಷೆ ಪೋರ್ಚುಗೀಸ್ ಆದರೂ ಸಾರಾಂಶ ಸಾಮಾನ್ಯವಾಗಿ ಇಂಗ್ಲಿಷಿನಲ್ಲೂ ಇರುತ್ತದೆ.

6. ಬೆಳೆಯ ಹೊರಗಿನ ವಿಷಯಗಳು. ತೋಟದ ಕಾರ್ಮಿಕರ ಬದುಕು, ಸಹಕಾರ ಸಂಘಗಳ ಚರಿತ್ರೆ, ಮಾರುಕಟ್ಟೆಯ ಏರಿಳಿತ, ಜಾನಪದ, ಊರುಗಳ ಇತಿಹಾಸ ಇವುಗಳ ಬಗ್ಗೆಯೂ ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧ ಬರೆಯುತ್ತಾರೆ. ಶೋಧಗಂಗಾದಲ್ಲಿ ಕನ್ನಡದಲ್ಲೇ ಬರೆದ ಪ್ರಬಂಧಗಳೂ ಇವೆ. ಇಂಗ್ಲಿಷ್ ಬಾರದವರು ಅವನ್ನು ನೇರವಾಗಿ ಓದಬಹುದು.

ಬಾಳೆಹೊನ್ನೂರಿನ ಒಂದು ಪಾಠ

ಇಂಥ ಬರಹ ಉಳಿಯುವುದರಿಂದ ಏನು ಲಾಭ ಎಂಬುದಕ್ಕೆ ನಮ್ಮದೇ ಕಾಫಿಯ ಉದಾಹರಣೆ ಇದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಂಟ್ ಎಂಬ ಬೆಳೆಗಾರರು ದೊಡ್ಡೆನಗುಡ್ಡ ಎಸ್ಟೇಟಿನಲ್ಲಿ ಎಲೆ ತುಕ್ಕು ರೋಗಕ್ಕೆ ಜಗ್ಗದ ಗಿಡವೊಂದನ್ನು ಆರಿಸಿದರು. ಅದರ ಸಂತಾನ 'ಕೆಂಟ್ಸ್' ಎಂದು ಹೆಸರಾಗಿ ಎಲ್ಲೆಡೆ ಹರಡಿತು. ಆದರೆ ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ಹತ್ತಿತು. ಗಿಡ ಕೆಟ್ಟಿತೇ, ಬೀಜ ಬೆರಕೆಯಾಯಿತೇ ಎಂಬ ಅನುಮಾನ ಸಹಜ. 1925ರಲ್ಲಿ ಆರಂಭವಾದ ಬಾಳೆಹೊನ್ನೂರು ಸಂಶೋಧನಾ ಕೇಂದ್ರದಲ್ಲಿ ದುಡಿದ ವಿಲ್ಸನ್ ಮೇನ್ 1932ರಲ್ಲಿ ಉತ್ತರ ಕೊಟ್ಟರು: ತುಕ್ಕು ರೋಗದ ಶಿಲೀಂಧ್ರದಲ್ಲೇ ಬೇರೆ ಬೇರೆ ತಳಿಗಳಿವೆ, ಒಂದನ್ನು ತಡೆಯುವ ಗಿಡ ಇನ್ನೊಂದಕ್ಕೆ ಸೋಲಬಹುದು.

ಆ ವಿಷಯ ಬರಹವಾಗಿ ಉಳಿದದ್ದರಿಂದ ಮುಂದಿನವರು ಮೊದಲಿನಿಂದ ಶುರು ಮಾಡಬೇಕಾಗಲಿಲ್ಲ. 1955ರಲ್ಲಿ ಪೋರ್ಚುಗಲ್ ದೇಶದ ಒಯಿರಾಸ್‌ನಲ್ಲಿ ಕಾಫಿ ತುಕ್ಕು ರೋಗಕ್ಕೆಂದೇ ಕೇಂದ್ರ ಸ್ಥಾಪನೆಯಾದಾಗ ಅವರು ಹಿಡಿದದ್ದೂ ಇದೇ ದಾರಿ. ನಮ್ಮ ತೋಟದಲ್ಲಿ ಕಂಡ ಸತ್ಯ ಜಗತ್ತಿನ ಬೆಳೆಗಾರರಿಗೆ ಉಪಯೋಗವಾಯಿತು. ಹೊಸ ತಳಿ ಎಂದೆಂದಿಗೂ ರೋಗ ನಿರೋಧಕ ಎಂದು ಯಾರಾದರೂ ಮಾರಲು ಬಂದರೆ, 1932ರ ಮಾತನ್ನು ಇಂದಿಗೂ ಮುಂದಿಡಬಹುದು.

ಹುಡುಕುವುದು ಹೇಗೆ?

ಮನೆಯಲ್ಲಿ ಕಂಪ್ಯೂಟರ್ ಅಥವಾ ಮೊಬೈಲ್ ಬಳಸುವ ಮಕ್ಕಳಿದ್ದರೆ ಅವರ ನೆರವು ಪಡೆಯಿರಿ. ಕೃಷಿಕೋಶ ಅಥವಾ ಶೋಧಗಂಗಾ ಎಂದು ಹುಡುಕಿದರೆ ಭಂಡಾರ ಸಿಗುತ್ತದೆ. ಒಳಗೆ ವಿಷಯದ ಹೆಸರು ಬರೆಯಬೇಕು. ಹೆಚ್ಚಿನ ಪ್ರಬಂಧಗಳು ಇಂಗ್ಲಿಷಿನಲ್ಲಿರುವುದರಿಂದ ಬೆಳೆ, ಕೀಟ, ರೋಗಗಳ ಇಂಗ್ಲಿಷ್ ಅಥವಾ ಶಾಸ್ತ್ರೀಯ ಹೆಸರು ಬೇಕಾಗುತ್ತದೆ. ಒಂದು ಸಂತೋಷದ ವಿನಾಯಿತಿ ಇದೆ. 'ಕೊಳೆರೋಗ' ಎಂಬ ನಮ್ಮ ಮಾತು ವಿಜ್ಞಾನದ ಭಾಷೆಗೇ ಸೇರಿಬಿಟ್ಟಿದೆ. ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ 1876ರಲ್ಲಿ ಇಟ್ಟ ಹೆಸರಿನಲ್ಲೇ ಈ ಪದವಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕೊಳೆರೋಗ ಎಂದೇ ಬರೆದು ಹುಡುಕಬಹುದು. ಕೆಲವು ಪ್ರಬಂಧಗಳ ಸಾರಾಂಶ ಮಾತ್ರ ತೆರೆಯುತ್ತದೆ, ಪೂರ್ತಿ ಪ್ರತಿ ಸಿಗುವುದಿಲ್ಲ. ಆಗ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬರೆದು ಕೇಳಬೇಕು.

ಓದುವುದು ಹೇಗೆ?

ಇನ್ನೂರು ಪುಟ ನೋಡಿ ಹೆದರಬೇಕಾಗಿಲ್ಲ. ಮೊದಲು ಸಾರಾಂಶ ಓದಿ. ವಿಷಯ ನಮಗೆ ಸಂಬಂಧಪಟ್ಟದ್ದಾದರೆ ಪ್ರಯೋಗದ ವಿಧಾನ ಹೇಳುವ ಅಧ್ಯಾಯಕ್ಕೆ ಹೋಗಿ ಈ ಪ್ರಶ್ನೆಗಳನ್ನು ಕೇಳಿ:

ಪ್ರಯೋಗ ನಡೆದದ್ದು ಎಲ್ಲಿ? ಅಲ್ಲಿನ ಮಳೆ, ಮಣ್ಣು ನಮ್ಮಂತೆಯೇ ಇದೆಯೇ? ಮರಗಳ ವಯಸ್ಸೆಷ್ಟು? ಎಷ್ಟು ಮರ, ಎಷ್ಟು ವರ್ಷ? ಔಷಧಿ ಹೊಡೆಯದೆ ಹಾಗೇ ಬಿಟ್ಟ ಮರಗಳೊಂದಿಗೆ ಹೋಲಿಸಿದ್ದಾರೆಯೇ? ಈ ಕೊನೆಯ ಹೋಲಿಕೆ ಇಲ್ಲದಿದ್ದರೆ, ರೋಗ ಕಡಿಮೆಯಾದದ್ದು ಔಷಧಿಯಿಂದಲೋ, ಆ ವರ್ಷ ಮಳೆ ಬಿಡುವು ಕೊಟ್ಟದ್ದರಿಂದಲೋ ತಿಳಿಯುವುದಿಲ್ಲ.

ಆಮೇಲೆ ಕೋಷ್ಟಕ ನೋಡಿ. ಅನೇಕ ಕೋಷ್ಟಕಗಳ ಕೆಳಗೆ 'ಸಿ.ಡಿ.' ಎಂದು ಒಂದು ಅಂಕಿ ಇರುತ್ತದೆ. ಎರಡು ಉಪಚಾರಗಳ ನಡುವಿನ ಅಂತರ ಆ ಅಂಕಿಗಿಂತ ಕಡಿಮೆ ಇದ್ದರೆ ಎರಡನ್ನೂ ಸಮ ಎಂದೇ ತಿಳಿಯಬೇಕು. ಉದಾಹರಣೆಗೆ ಸಿ.ಡಿ. 3 ಇದೆ ಎನ್ನಿ. ಒಂದರಲ್ಲಿ 14, ಇನ್ನೊಂದರಲ್ಲಿ 12 ಬಂದಿದ್ದರೆ 14ಕ್ಕಾಗಿ ಇಮ್ಮಡಿ ಹಣ ಕೊಡುವುದರಲ್ಲಿ ಅರ್ಥವಿಲ್ಲ. 'ಎನ್.ಎಸ್.' ಎಂದಿದ್ದರೆ ಗಣನೆಗೆ ಬರುವ ವ್ಯತ್ಯಾಸ ಕಾಣಲಿಲ್ಲ ಎಂದರ್ಥ.

ಎಚ್ಚರಿಕೆಯ ಮಾತು

ಪ್ರಬಂಧ ಎಂದರೆ ಶಿಫಾರಸು ಅಲ್ಲ. ಒಂದು ಜಾಗದಲ್ಲಿ ಒಂದೆರಡು ಹಂಗಾಮು ಕಂಡದ್ದು ಎಲ್ಲ ತೋಟಕ್ಕೂ ಅನ್ವಯಿಸುತ್ತದೆ ಎನ್ನುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಹಳೆಯ ಬರಹದಲ್ಲಿ ಇಂದು ನಿಷೇಧವಾಗಿರುವ ವಿಷಗಳ ಹೆಸರು ಇರುತ್ತದೆ. ಕಾಫಿಯ ಕಾಂಡಕೊರಕಕ್ಕೆ ಒಂದು ಕಾಲದಲ್ಲಿ ಬಿ.ಎಚ್.ಸಿ., ಲಿಂಡೇನ್ ಬಳಸುತ್ತಿದ್ದರು. ಬಿ.ಎಚ್.ಸಿ. 1997ರಲ್ಲಿ ನಿಷೇಧವಾಯಿತು. ಲಿಂಡೇನ್ ಬಳಕೆ 2013ರಿಂದ ನಿಷಿದ್ಧ. ಎಂಡೋಸಲ್ಫಾನನ್ನು 2011ರಲ್ಲಿ ಸುಪ್ರೀಂ ಕೋರ್ಟು ತಡೆಯಿತು. ಅದರ ದುಃಖವನ್ನು ಕಾಸರಗೋಡು ಮತ್ತು ದಕ್ಷಿಣ ಕನ್ನಡದವರಿಗೆ ವಿವರಿಸಬೇಕಿಲ್ಲ. ಆದ್ದರಿಂದ ಪ್ರಬಂಧದ ವರ್ಷ ನೋಡದೆ ಔಷಧಿಯ ಹೆಸರು ಬರೆದುಕೊಳ್ಳಬೇಡಿ. ಓದಿದ್ದನ್ನು ಕಾಫಿ ಮಂಡಳಿಯ ಅಧಿಕಾರಿಗಳ ಬಳಿಯೋ, ವಿಟ್ಲ ಅಥವಾ ಕಾಸರಗೋಡಿನ ವಿಜ್ಞಾನಿಗಳ ಬಳಿಯೋ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ ಮುಂದುವರಿಯಿರಿ.

ನಾವು ಮಾಡಬೇಕಾದದ್ದು

ಎಲೆಚುಕ್ಕಿ ರೋಗ ಮಲೆನಾಡಿನ ತೋಟಗಳಿಗೆ ಹಬ್ಬಿದ ಮೇಲೆ ಹೊಸ ಹೊಸ ಬಾಟಲಿ ಹಿಡಿದು ಅಂಗಳಕ್ಕೆ ಬರುವವರೂ ಹೆಚ್ಚಿದ್ದಾರೆ. ಹೆದರಿದ ಬೆಳೆಗಾರ ಸಾಲ ಮಾಡಿಯಾದರೂ ಕೊಳ್ಳುತ್ತಾನೆ. ಕೊನೆಗಾರನ ಕೂಲಿ ಬೇರೆ. ಇನ್ನು ಮುಂದೆ ಬಾಟಲಿ ತಂದವರನ್ನು ಮೊದಲು ಕೂರಿಸಿ, ಕಾಫಿ ಕೊಟ್ಟು, ಒಂದು ಮಾತು ಕೇಳೋಣ: "ಇದರ ಪ್ರಯೋಗ ಎಲ್ಲಿ ನಡೆದಿದೆ? ಬರಹ ತೋರಿಸಿ." ಅವರು ತೋರಿಸದಿದ್ದರೆ ನಾವೇ ಭಂಡಾರದಲ್ಲಿ ಹುಡುಕೋಣ.

ಇನ್ನೊಂದು ಕೆಲಸವೂ ಇದೆ. ಈ ಸಲ ವಿದ್ಯಾರ್ಥಿ ತೋಟಕ್ಕೆ ಬಂದರೆ ಬೇಡ ಎನ್ನಬೇಡಿ. ಅವನ ಹೆಸರು, ವಿಶ್ವವಿದ್ಯಾಲಯ, ಪ್ರಬಂಧದ ವಿಷಯ ಇಷ್ಟನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಎರಡು ಮೂರು ವರ್ಷ ಬಿಟ್ಟು ಭಂಡಾರದಲ್ಲಿ ಹುಡುಕಿ. ನಿಮ್ಮ ತೋಟದ ಮಳೆಗಾಲ, ನಿಮ್ಮ ಮರಗಳ ನಂಬರು, ಉದುರಿದ ಕಾಯಿಯ ಎಣಿಕೆ ಅಲ್ಲಿ ಸಿಗಬಹುದು. ಅದು ನಿಮ್ಮದೇ ತೋಟದ ಬೆಳೆ, ಮನೆಗೆ ತಂದುಕೊಳ್ಳಿ.