ಅಳತೆಯ ಆಧಾರವೇ ಅಲುಗಿದರೆ?
ಡಯಲ್ ಗೇಜ್ ಸ್ಟ್ಯಾಂಡ್‌ಗಳ ಆಯ್ಕೆಯಲ್ಲಿ ಸಣ್ಣ ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಪೀಣ್ಯ ಕೈಗಾರಿಕಾ ಪ್ರದೇಶದ ಅನೇಕ ಸಣ್ಣ ಘಟಕಗಳು ಜಾಬ್ ವರ್ಕ್ ಆಧಾರದ ಮೇಲೆ ನಡೆಯುತ್ತವೆ. ಕಚ್ಚಾವಸ್ತು ಗ್ರಾಹಕ ಸಂಸ್ಥೆಯದು. ಘಟಕಕ್ಕೆ ದೊರೆಯುವುದು ಕೂಲಿ ಮಾತ್ರ. ಆದರೆ ಬಿಡಿಭಾಗವು ತಿರಸ್ಕೃತವಾದಾಗ ಕೂಲಿ ಕೈತಪ್ಪುವುದಲ್ಲದೆ, ಕಚ್ಚಾವಸ್ತುವಿನ ಬೆಲೆಯೂ ಡೆಬಿಟ್ ನೋಟ್ ರೂಪದಲ್ಲಿ ಘಟಕದ ತಲೆಯ ಮೇಲೆ ಬೀಳುತ್ತದೆ.

ಉದಾಹರಣೆಗೆ, ತಲಾ 60 ರೂ. ಕೂಲಿಯ 500 ಬಿಡಿಭಾಗಗಳ ಆದೇಶವೊಂದನ್ನು ಪರಿಗಣಿಸಬಹುದು. ಒಟ್ಟು ಕೂಲಿ 30,000 ರೂ. ಪ್ರತಿ ಬಿಡಿಭಾಗದ ಕಚ್ಚಾವಸ್ತುವಿನ ಬೆಲೆ 400 ರೂ. ಎಂದಿಟ್ಟುಕೊಂಡರೆ, 40 ಬಿಡಿಭಾಗಗಳು ತಿರಸ್ಕೃತವಾದಾಗ 16,000 ರೂ. ವಸ್ತುಮೌಲ್ಯ ಮತ್ತು 2,400 ರೂ. ಕೂಲಿ ಸೇರಿ 18,400 ರೂ. ನಷ್ಟವಾಗುತ್ತದೆ. ಶೇ. 8ರಷ್ಟು ತಿರಸ್ಕಾರವು ಕೂಲಿಯ ಶೇ. 61ರಷ್ಟನ್ನು ನುಂಗಿಬಿಡುತ್ತದೆ.

ಇಂತಹ ನಷ್ಟಕ್ಕೆ ಯಂತ್ರವನ್ನೋ ಕಾರ್ಮಿಕನನ್ನೋ ದೂರುವುದು ವಾಡಿಕೆ. ಡಯಲ್ ಗೇಜನ್ನು ಹಿಡಿದು ನಿಂತಿರುವ ಸ್ಟ್ಯಾಂಡಿನತ್ತ ಗಮನ ಹರಿಯುವುದು ವಿರಳ. 1953ರಲ್ಲಿ ಎಚ್.ಎಂ.ಟಿ. ಮತ್ತು 1962ರಲ್ಲಿ ತುಮಕೂರು ರಸ್ತೆಯ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಸ್ಥಾಪನೆಯಾದಂದಿನಿಂದ ನಿಖರ ಅಳತೆಯ ಸಂಸ್ಕೃತಿ ಬೆಳೆದುಬಂದಿರುವ ಈ ನಗರದಲ್ಲಿಯೂ ಸ್ಟ್ಯಾಂಡ್ ಎಂಬುದು ಅಗ್ಗದ ದರದಲ್ಲಿ ಕೊಳ್ಳುವ ಸಾಮಗ್ರಿಯಾಗಿಯೇ ಉಳಿದಿರುವುದು ವಿಷಾದನೀಯ.

ಬಾಗುವಿಕೆಯ ಲೆಕ್ಕ

ಸ್ಟ್ಯಾಂಡಿನ ತೋಳು ಒಂದು ತುದಿಯಲ್ಲಿ ಮಾತ್ರ ಬಿಗಿಯಲ್ಪಟ್ಟ ಸರಳಿನಂತೆ ವರ್ತಿಸುತ್ತದೆ. ತುದಿಯ ಮೇಲಿನ ಬಲ ಅಷ್ಟೇ ಇದ್ದರೂ ತೋಳಿನ ಉದ್ದ ಇಮ್ಮಡಿಯಾದರೆ ಬಾಗುವಿಕೆಯು ಎಂಟು ಪಟ್ಟಾಗುತ್ತದೆ. ಸರಳಿನ ವ್ಯಾಸವನ್ನು 10 ಮಿ.ಮೀ.ಯಿಂದ 12 ಮಿ.ಮೀ.ಗೆ ಹೆಚ್ಚಿಸಿದರೆ ಬಾಗುವಿಕೆಯು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆದ್ದರಿಂದ ಕೆಲಸಕ್ಕೆ ಸಾಲುವಷ್ಟು ಗಿಡ್ಡ, ಕೈಗೆಟುಕುವಷ್ಟು ದಪ್ಪ ಎಂಬುದೇ ಆಯ್ಕೆಯ ಮೊದಲ ಸೂತ್ರ.

ಅನೇಕ ಗಂಟುಗಳುಳ್ಳ, ಒಂದೇ ತಿರುಪಿನಿಂದ ಬಿಗಿಯುವ ತೋಳುಗಳು ಇಕ್ಕಟ್ಟಾದ ಜಾಗಕ್ಕೆ ಅನುಕೂಲಕರ. ಆದರೆ ಪ್ರತಿಯೊಂದು ಗಂಟೂ ಸಡಿಲತೆಗೆ ಅವಕಾಶ ನೀಡುತ್ತದೆ. ಯಂತ್ರದ ಮೇಲೆ ಜಾಬ್ ಕೂರಿಸುವಾಗ ಇವು ಉಪಯುಕ್ತ. ಒಂದೇ ಬಗೆಯ ನೂರಾರು ಬಿಡಿಭಾಗಗಳ ತಪಾಸಣೆಗೆ ಗ್ರಾನೈಟ್ ಅಥವಾ ಎರಕಹೊಯ್ದ ಕಬ್ಬಿಣದ ಪೀಠವುಳ್ಳ ಕಂಪ್ಯಾರೇಟರ್ ಸ್ಟ್ಯಾಂಡ್ ಉಚಿತ.

ಆಯಸ್ಕಾಂತದ ಬಲ

ಮ್ಯಾಗ್ನೆಟಿಕ್ ಬೇಸ್‌ಗಳ ಮೇಲೆ ನಮೂದಿಸಿರುವ 60 ಅಥವಾ 80 ಕೆ.ಜಿ. ಹಿಡಿತವು ದಪ್ಪನೆಯ, ಸ್ವಚ್ಛ, ನಯವಾದ ಉಕ್ಕಿಗೆ ಮಾತ್ರ ಅನ್ವಯಿಸುತ್ತದೆ. ಬಣ್ಣ, ತುಕ್ಕು, ಲೋಹದ ಚೂರು ಅಥವಾ ತೆಳುವಾದ ತಗಡು ಇದ್ದಲ್ಲಿ ಹಿಡಿತ ಕುಗ್ಗುತ್ತದೆ. ಅಲ್ಯುಮಿನಿಯಂ ಹಾಗೂ ಗ್ರಾನೈಟ್ ಮೇಲೆ ಅದು ಹಿಡಿಯುವುದೇ ಇಲ್ಲ. ದುಂಡನೆಯ ಮೇಲ್ಮೈಗೆ ವಿ-ಗ್ರೂವ್ ಇರುವ ಬೇಸ್ ಅಗತ್ಯ. ಹಿಡಿತ ಎಷ್ಟೇ ಬಲವಾಗಿದ್ದರೂ ತೋಳು ದುರ್ಬಲವಾಗಿದ್ದರೆ ಪ್ರಯೋಜನವಿಲ್ಲ ಎಂಬುದನ್ನು ಖರೀದಿದಾರರು ಮರೆಯಬಾರದು.

ಲಿವರ್ ಡಯಲ್ ಬಳಸುವಲ್ಲಿ ಅದರ ಕಡ್ಡಿಯು ಅಳೆಯುವ ಮೇಲ್ಮೈಗೆ ಆದಷ್ಟು ಸಮಾನಾಂತರವಾಗಿರಬೇಕು. 30 ಡಿಗ್ರಿ ಓರೆಯಾದರೆ ಡಯಲ್ ತೋರಿಸುವ 0.100 ಮಿ.ಮೀ. ನಿಜದಲ್ಲಿ ಸುಮಾರು 0.087 ಮಿ.ಮೀ. ಮಾತ್ರ. ಸರಿಯಾದ ಕೋನದಲ್ಲಿ ನಿಲ್ಲಿಸಲು ಫೈನ್ ಅಡ್ಜಸ್ಟ್‌ಮೆಂಟ್ ಸೌಲಭ್ಯವಿರುವ ಸ್ಟ್ಯಾಂಡ್ ನೆರವಾಗುತ್ತದೆ.

ಖರೀದಿಗೆ ಮುನ್ನ

ಅಂಗಡಿಯಲ್ಲಿಯೇ ಮಾಡಬಹುದಾದ ಸರಳ ಪರೀಕ್ಷೆಗಳಿವೆ. ಡಯಲನ್ನು ಸ್ಟ್ಯಾಂಡಿಗೆ ಬಿಗಿದು, ಗಟ್ಟಿ ಮೇಲ್ಮೈಗೆ ತಾಗಿಸಿ ಸೊನ್ನೆಗೆ ಹೊಂದಿಸಬೇಕು. ಪ್ಲಂಜರನ್ನು ಹತ್ತು ಬಾರಿ ಎತ್ತಿ ಬಿಟ್ಟಾಗಲೂ ಮುಳ್ಳು ಸೊನ್ನೆಗೇ ಮರಳಬೇಕು. ತೋಳನ್ನು ಬೆರಳಿನಿಂದ ಮೆಲ್ಲನೆ ಒತ್ತಿ ಬಿಟ್ಟಾಗಲೂ ಅಷ್ಟೇ. ಮರಳದಿದ್ದರೆ ಆ ಸ್ಟ್ಯಾಂಡನ್ನು ಬಿಟ್ಟುಬಿಡುವುದು ಕ್ಷೇಮ. ದೋಷ ಡಯಲಿನದೋ ಸ್ಟ್ಯಾಂಡಿನದೋ ಎಂಬ ಸಂದೇಹ ಬಂದಲ್ಲಿ ಅದೇ ಡಯಲನ್ನು ಬೇರೊಂದು ಗಟ್ಟಿ ಸ್ಟ್ಯಾಂಡಿಗೆ ಹಾಕಿ ನೋಡಬಹುದು.

ದರಪಟ್ಟಿಗಳನ್ನು ಹೋಲಿಸುವಾಗ, ನೋಂದಾಯಿತ ಘಟಕಗಳು ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆಗೆ ಅರ್ಹವಾಗಿದ್ದಲ್ಲಿ ತೆರಿಗೆ ಹೊರತಾದ ಬೆಲೆಯನ್ನೇ ಪರಿಗಣಿಸತಕ್ಕದ್ದು. ಬಿಲ್ಲಿಲ್ಲದೆ ಅಗ್ಗವಾಗಿ ದೊರೆಯುವ ಸ್ಟ್ಯಾಂಡಿಗೆ ಈ ಜಮೆಯೂ ಇಲ್ಲ, ಕೆಟ್ಟರೆ ಕೇಳುವ ಹಕ್ಕೂ ಇಲ್ಲ.

ಇನ್ನೊಂದು ಲೋಪವೂ ಸಾಮಾನ್ಯ. ಡಯಲ್ ಗೇಜ್ ಕ್ಯಾಲಿಬ್ರೇಷನ್ ಪ್ರಯೋಗಾಲಯಕ್ಕೆ ತಪ್ಪದೆ ಹೋಗಿಬರುತ್ತದೆ. ಸ್ಟ್ಯಾಂಡಿನ ಹೆಸರು ಮಾತ್ರ ಯಾವ ದಾಖಲೆ ಪುಸ್ತಕದಲ್ಲಿಯೂ ಇರುವುದಿಲ್ಲ. ಪ್ರತಿ ಸ್ಟ್ಯಾಂಡಿಗೆ ಸಂಖ್ಯೆ ನೀಡಿ, ಆರು ತಿಂಗಳಿಗೊಮ್ಮೆ ಮೇಲಿನ ಪರೀಕ್ಷೆ ನಡೆಸಿ, ಫಲಿತಾಂಶವನ್ನು ಬರೆದಿಡುವುದಕ್ಕೆ ಖರ್ಚೇನೂ ತಗಲುವುದಿಲ್ಲ. ಸಡಿಲಗೊಂಡದ್ದನ್ನು ತಪಾಸಣೆಯ ಮೇಜಿನಿಂದ ಕೂಡಲೇ ತೆಗೆದಿಡಬೇಕು.

ತಪ್ಪನ್ನು ಹಿಡಿಯಬೇಕಾದ ಸಾಧನವೇ ತಪ್ಪಿಗೆ ಕಾರಣವಾದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಸ್ಟ್ಯಾಂಡ್ ಕೊಳ್ಳುವಾಗ ಉಳಿಸಿದ ಕೆಲವು ನೂರು ರೂಪಾಯಿಗಳನ್ನು ಒಂದು ಡೆಬಿಟ್ ನೋಟಿನ ಪಕ್ಕದಲ್ಲಿಟ್ಟು ನೋಡಿದರೆ, ಯಾವುದು ಮಿತವ್ಯಯ ಎಂಬುದು ಉದ್ಯಮಿಗಳಿಗೆ ತಾನಾಗಿಯೇ ಮನವರಿಕೆಯಾದೀತು.