ಮನೆ ಸಿಕ್ಕಿತು, ಓಣಿ ಹೋಯಿತು

1993ರ ಸೆಪ್ಟೆಂಬರ್ 30ರ ನಸುಕು. ಹಿಂದಿನ ರಾತ್ರಿಯಷ್ಟೇ ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಜನ ತಡವಾಗಿ ಮಲಗಿದ್ದರು. 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಮಹಾರಾಷ್ಟ್ರದ ಕಿಲ್ಲಾರಿ ಸುತ್ತಲಿನ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು 10 ಸಾವಿರ ಜನ ಸತ್ತರು. ಗಡಿಯ ಈಚೆ ಬೀದರ, ಕಲಬುರಗಿಯಲ್ಲೂ ನೆಲ ಅದುರಿತ್ತು.

ಪ್ರಾಣ ತೆಗೆದದ್ದು ಮನೆಗಳೇ. ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣು ಹೇರಿದ ಭಾರದ ಮಾಳಿಗೆ. ಬಿಸಿಲಿಗೆ ತಂಪು ಕೊಡುತ್ತಿದ್ದ ಅದೇ ಮಾಳಿಗೆ ಮಲಗಿದವರ ಮೇಲೆ ಕುಸಿಯಿತು. ಕಲ್ಲಿನ ಮನೆಯೆಂದರೇ ಜನ ಹೆದರುವಂತಾಯಿತು. ಹಳೆಯ ಜಾಗ ಬೇಡ, ಬೇರೆ ಕಡೆ ಊರು ಕಟ್ಟಿಕೊಡಿ ಎಂದು ಅನೇಕರು ತಾವೇ ಕೇಳಿದರು.

ಸರ್ಕಾರ ವಿಶ್ವಬ್ಯಾಂಕಿನ ಸಾಲ ಪಡೆದು 52 ಹಳ್ಳಿಗಳನ್ನು ಸ್ಥಳಾಂತರಿಸಿತು. ಭೂಮಿ ಇಲ್ಲದವರಿಗೆ, ಅತಿ ಸಣ್ಣ ಹಿಡುವಳಿಯವರಿಗೆ 250 ಚದರ ಅಡಿಯ ಮನೆ. ಅದಕ್ಕಿಂತ ಹೆಚ್ಚು ಹೊಲವಿದ್ದರೆ 400. ದೊಡ್ಡ ಹಿಡುವಳಿಗೆ 750. ಗಟ್ಟಿ ಮನೆಗಳು, ಅಗಲವಾದ ನೇರ ರಸ್ತೆಗಳು. ಸಾವಿರಾರು ಕುಟುಂಬಗಳಿಗೆ ಸೂರು ಕೊಟ್ಟ ಈ ಕೆಲಸ ಸಣ್ಣದಲ್ಲ. ಆದರೆ ನಕ್ಷೆ ಬರೆದವರ ಕಣ್ಣ ಮುಂದಿದ್ದದ್ದು ಪಟ್ಟಣದ ಬಡಾವಣೆ, ರೈತನ ಮನೆಯಲ್ಲ.

ರೈತನ ಮನೆಯೆಂದರೆ ಅಡುಗೆಮನೆ, ಪಡಸಾಲೆ ಇದ್ದರೆ ಸಾಲದು. ಎತ್ತು ಕಟ್ಟಲು ಕೊಟ್ಟಿಗೆ, ಜೋಳದ ಕಣಿಕೆ ಒಟ್ಟಲು ಹಿತ್ತಲು, ಬಿತ್ತನೆ ಬೀಜಕ್ಕೊಂದು ಮೂಲೆ, ಹೆಂಗಸರು ಮರೆಯಲ್ಲಿ ಕೂತು ಕಾಳು ಹಸನು ಮಾಡಲು ಅಂಗಳ ಬೇಕು. ಹಳೆಯ ವಾಡೆಗಳಲ್ಲಿ ಇವೆಲ್ಲ ಗೋಡೆಯೊಳಗೇ ಇದ್ದವು. ಹೊಸ ಮನೆಯ ಬಾಗಿಲು ತೆರೆದರೆ ಬೀದಿ. ಹಿಡುವಳಿ ನೋಡಿ ಮನೆ ಹಂಚಿದ್ದರಿಂದ ಅಣ್ಣತಮ್ಮಂದಿರು, ಅಕ್ಕಪಕ್ಕದವರು ಬೇರೆ ಬೇರೆ ಸಾಲಿಗೆ ಬಿದ್ದರು. ಹೊಲ ದೂರವಾಯಿತು. ಜನ ತಮಗೆ ಬೇಕಾದುದನ್ನು ತಾವೇ ಸೇರಿಸಿಕೊಳ್ಳತೊಡಗಿದರು: ತಗಡಿನ ಚಪ್ಪರ, ಅಂಗಳಕ್ಕೊಂದು ಗೋಡೆ. ಕೆಲವೆಡೆ ಹಳೆಯ ಊರಿನ ಕಲ್ಲನ್ನೇ ತಂದು ಕಟ್ಟಿದರು. ಅಂದರೆ ಯಾವ ಅಪಾಯದಿಂದ ದೂರ ಹೋಗಲು ಊರು ಬಿಟ್ಟರೋ ಅದೇ ಅಪಾಯ ಹೊಸ ಮನೆಗೂ ಬಂತು.

ನೆರೆಹೊರೆ ಉಳಿಸುವಲ್ಲಿ ಜಪಾನಿನಂಥ ಸಿರಿವಂತ ದೇಶವೂ ಎಡವಿದೆ. 1995ರ ಜನವರಿ 17ರ ಕೋಬೆ ಭೂಕಂಪದ ಬಳಿಕ ಸುಮಾರು 48 ಸಾವಿರ ತಾತ್ಕಾಲಿಕ ಮನೆಗಳನ್ನು ಕಟ್ಟಲಾಯಿತು. ಬಹುಪಾಲು ಚೀಟಿ ಎತ್ತಿ ಹಂಚಿದ್ದರಿಂದ ಮುದುಕರು ಪರಿಚಯವೇ ಇಲ್ಲದವರ ನಡುವೆ ಬಂದು ಬಿದ್ದರು. ಕದ ಹಾಕಿಕೊಂಡ ಕೋಣೆಗಳಲ್ಲಿ ಒಂಟಿಯಾಗಿ ಸತ್ತವರ ಸಂಖ್ಯೆ 200 ದಾಟಿತು. 1999ರಲ್ಲಿ ಸಂತ್ರಸ್ತರನ್ನೇ ಕೂರಿಸಿ, ಬದುಕು ಮರಳಿ ಹಳಿಗೆ ಬರಲು ಏನು ಬೇಕು ಎಂದು ಕೇಳಿದಾಗ ಮೊದಲು ಬಂದ ಉತ್ತರ ಮನೆ. ಅದರ ಬೆನ್ನಿಗೇ ಜನರ ಒಡನಾಟ. 2004ರಲ್ಲಿ ಭೂಕಂಪಕ್ಕೆ ತುತ್ತಾದ ಯಮಕೋಶಿ ಎಂಬ ಗುಡ್ಡದ ಹಳ್ಳಿಯವರನ್ನು ತಾತ್ಕಾಲಿಕ ಮನೆಗಳಲ್ಲಿ ಕೇರಿವಾರು ಒಟ್ಟಿಗೆ ಇರಿಸಲಾಯಿತು. ಮೂರು ವರ್ಷಗಳಲ್ಲಿ ಅವರಲ್ಲಿ ಬಹುಪಾಲು ಜನ ಊರಿಗೆ ಮರಳಿದರು.

ಲಾತೂರಿನಲ್ಲೂ ಇಂಥ ಜಾಣ ಕೆಲಸ ನಡೆದಿತ್ತು. ಸ್ಥಳಾಂತರವಾಗದ ನೂರಾರು ಹಳ್ಳಿಗಳಲ್ಲಿ ಮನೆ ದುರಸ್ತಿಗೆ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ನೆರವಿನಿಂದ ಊರಿನ ಹೆಂಗಸರನ್ನೇ ‘ಸಂವಾದ ಸಹಾಯಕ’ರಾಗಿ ನೇಮಿಸಿದರು. ಹಣ ಯಾವಾಗ ಬರುತ್ತದೆ, ಗೋಡೆಯನ್ನು ಹೇಗೆ ಬಿಗಿಗೊಳಿಸಬೇಕು ಎಂಬುದನ್ನು ಮನೆಮನೆಗೆ ಹೇಳಿದವರು ಅವರೇ. 2001ರಲ್ಲಿ ಕಛ್ ನಡುಗಿದಾಗ ಲಾತೂರಿನ ಆ ಹೆಣ್ಣುಮಕ್ಕಳು ಗುಜರಾತಿಗೆ ಹೋಗಿ, ಮನೆ ಕಳೆದುಕೊಂಡ ಹೆಂಗಸರ ಜೊತೆ ಕೂತು ಮಾತಾಡಿದರು.